ಕಿವಿ ಚುಚ್ಚಿದ ಚಕ್ರವರ್ತಿ

ಅಬ್ರುದ್ ಪೇಟೆಯ ಒತ್ತೆ ಅಂಗಡಿಯ ತಕ್ಕಡಿಗೆ
ಮುಳ್ಳಿಲ್ಲ ಈಗ, ಕೆಂಪು ಅಂಕಿ.
ಏಳು ಗ್ರಾಂ, ಮೇಲೊಂದಿಷ್ಟು.
ಅಂಗಡಿಯವನು ಭೂತಗನ್ನಡಿ ಕಣ್ಣಿಗೊತ್ತಿ
ತುಟಿ ಸೊಟ್ಟ ಮಾಡಿದ:
"ರೋಮಿನದೇ, ಅನುಮಾನವಿಲ್ಲ. ತೂತೊಂದು ಇಲ್ಲದಿದ್ದರೆ
ಕಾರು ಕೊಳ್ಳಬಹುದಿತ್ತಮ್ಮ. ಈಗ
ಕರಗಿಸುವ ರೇಟು ಅಷ್ಟೇ."

ಆ ತೂತು ನನ್ನಜ್ಜ ಅವಿಸಲೋನನದು.
ಮದುವೆಯ ಹಿಂದಿನ ರಾತ್ರಿ
ವಧುವಿನ ಸರಕ್ಕೆ ಪೋಣಿಸಲೆಂದು
ಲಾಳದ ಮೊಳೆಯಿಟ್ಟು ಹೊಡೆದ.
ಅಂಚಿಗೆ ಬೀಳಬೇಕಾದ್ದು
ಕೈ ಜಾರಿ, ಕುಡಿದಿದ್ದನೇನೋ,
ನೇರ ಚಕ್ರವರ್ತಿಯ ಕಿವಿಗೇ ಬಿತ್ತು.
ಎಳೆಗೂಸಿಗೆ ಚುಚ್ಚಿದ ಹಾಗೆ.
ಅವನು ಅಳಲಿಲ್ಲ.

ಹೊರಗುದುರಿದ ಸಾಸಿವೆಯಷ್ಟು ಬಂಗಾರವನ್ನು
ಅಜ್ಜಿ ರವೇಕ ಬೆಳಗಾಗೆದ್ದು ಹಳ್ಳಕ್ಕೆಸೆದಳು.
ಗಣಿಯೊಡತಿ ವಿಲ್ವಳ ಪಾಲು ಅದು,
ಇಟ್ಟುಕೊಂಡರೆ ಮನೆಯ ಗಂಡಸನ್ನು ಕೇಳುತ್ತಾಳೆ.

ಕಿವಿಯಲ್ಲಿ ನೇತುಹಾಕಿದ ಮುಖ
ಭಾರಕ್ಕೆ ಮುಂದೆ ವಾಲುತ್ತದೆ.
ಈಸ್ಟರಿನ ದಿನ, ಅಜ್ಜಿಯ ಎದೆಯ ಮೇಲೆ,
ಜಗತ್ತನ್ನೆಲ್ಲ ಗೆದ್ದವನು
ಮೂಗು ಕೆಳಗೆ ಮಾಡಿ
ನೆಲ ನೋಡುತ್ತಿದ್ದ.

ಉಳಿದ ದಿನ ಜೋಳದ ಹಿಟ್ಟಿನ ಡಬ್ಬಿಯೊಳಗೆ ವಾಸ.
ಹಿಟ್ಟಿಗೆಂದು ಕೈ ಹಾಕಿದಾಗೆಲ್ಲ ತೆಗೆದು, ಊದಿ,
ಆ ತೂತಿಗೆ ಬಾಯಿಟ್ಟು ಹೇಳುತ್ತಿದ್ದಳು:
ಮೊಣಕಾಲು ನೋವು,
ಮೊಟ್ಟೆ ಕದಿಯುವ ಪಕ್ಕದ ಮನೆಯವಳು,
ಅವಿಸಲೋನನ ಪ್ಲಮ್ ಸಾರಾಯಿ,
ಒಂಬತ್ತು ದಿನ ಬದುಕಿದ ಕೂಸು.
ಅದರ ಹೆಸರು ನಮಗಾರಿಗೂ ಹೇಳಿರಲಿಲ್ಲ.

"ಅರಸರದು ಹಿತ್ತಾಳೆ ಕಿವಿ ಕಣೆ,
ಇವನದು ಅಪರಂಜಿ," ಅನ್ನುತ್ತಿದ್ದಳು.
"ಕೇಳಿದ್ದನ್ನು ಇನ್ನೊಬ್ಬರಿಗೆ ಊದುವುದಿಲ್ಲ."
ಅವನಿಗೆ ನಮ್ಮ ಮಾತು ಬರುತ್ತದಾ ಅಜ್ಜಿ?
"ನಮ್ಮ ಮಾತು ಅವನ ಮಾತಿನ ಮೊಮ್ಮಗಳಲ್ಲವಾ,
ಅರ್ಧ ತಿಳಿಯುತ್ತೆ. ಗಂಡಸಿಗೆ ಅಷ್ಟು ಸಾಕು."

ಅವಳ ಲೆಕ್ಕವೇ ಬೇರೆ.
ಈ ಬಂಗಾರ ನಮ್ಮ ಗುಡ್ಡದ್ದೇ,
ದೀಪ ಹಿಡಿದು ಹೊಟ್ಟೆ ಹೊಸೆಯುತ್ತ ಒಳಗೆ ಹೋದವರು
ನಮ್ಮವರೇ.
ಮೂಗಿಲ್ಲದೆ, ಗದ್ದವಿಲ್ಲದೆ ಗಾಡಿಯೇರಿ ಹೋದದ್ದು
ಮುಖ ಹೊತ್ತು ಹಿಂದಿರುಗಿತು,
ಆಲೂಗೆಡ್ಡೆ ಅಗೆಯುವಾಗ ಅವಳಮ್ಮನ ಗುದ್ದಲಿಗೆ ಸಿಕ್ಕಿತು.
"ತವರಿಗೆ ಬಂದಿದ್ದಾನೆ ಪಾಪ, ಇರಲಿ."

ಅಂಚಿನ ಅಕ್ಷರ ಅರ್ಧ ಸವೆದಿದೆ.
ಯಾವ ಚಕ್ರವರ್ತಿಯೋ ನನಗೆ ಗೊತ್ತಿಲ್ಲ,
ಅಜ್ಜಿ ಕೇಳಿದವಳೂ ಅಲ್ಲ.
ಮನೆಗೆ ಬಂದವನ ವಂಶಾವಳಿ ಯಾರು ಕೇಳುತ್ತಾರೆ!

ನನ್ನ ಮನೆಯ ಬಾಯ್ಲರ್ ಒಡೆದು ಹದಿನೈದು ದಿನ.
ಮಗಳು ಕೋಟು ಹಾಕಿಕೊಂಡೇ ಮಲಗುತ್ತಾಳೆ.
ಅಂಗಡಿಯವನು ರಸೀದಿ ಪುಸ್ತಕ ಬಿಡಿಸಿ
ಪೆನ್ನು ನಾಲಿಗೆಗೆ ತಾಗಿಸಿದ.

ಒಂದು ನಿಮಿಷ ಕೊಡಿ, ಅಂದೆ.
ಅಂಗಿಯ ತೋಳಿಗೆ ಉಜ್ಜಿ
ಆ ಕಿವಿಯ ಬಳಿ ಬಾಯಿ ತಂದೆ.
ಉಗುರಿನ ಸಂದಿಯಲ್ಲೋ ತೂತಿನಲ್ಲೋ
ಜೋಳದ ಹಿಟ್ಟಿನ ಹಳೇ ವಾಸನೆ.
ಅಜ್ಜಿಯಂತೆ ಏನೋ ಹೇಳಬೇಕಿತ್ತು,
ತೋಚಲಿಲ್ಲ.

ಬಾಯ್ಲರಿನ ಬೆಲೆ ಹೇಳಿದೆ.