ನೂರ ಎಂಬತ್ತೊಂದನೆಯ ಮಣಿ

ಶಿಡ್ಲಘಟ್ಟದ ಈ ಬಿಚ್ಚಾಣಿಕೆ ಮನೆಯಲ್ಲಿ
ಥರ್ಮಾಮೀಟರು ಇದೆ, ಗೋಡೆಯ ಮೊಳೆಗೆ.
ನಾನೇ ತಂದುಕೊಟ್ಟದ್ದು. ಅದೇ ಮೊಳೆಗೀಗ
ಯಾರೋ ತಸ್ಬಿಯನ್ನೂ ನೇತುಹಾಕಿದ್ದಾರೆ.
ಖಮರುನ್ನಿಸಾ ಬಾಣಲೆಗೆ ಬೆರಳು ಅದ್ದಿ ತೆಗೆದು
"ಇನ್ನೊಂದು ಸೌದೆ" ಅನ್ನುತ್ತಾಳೆ.
ಮಗ ಒಟ್ಟುತ್ತಾನೆ. ಆಮೇಲೆ ನಾನು ಅಳೆದರೆ,
ಎಪ್ಪತ್ತು.
ನನ್ನ ಎಪ್ಪತ್ತನ್ನು ಅವಳು ಎರಡೇ ದಿನಕ್ಕೆ ಕಲಿತಳು.

ಬೆಂದೂ ಬೆಂದೂ ಆ ಬೆರಳಲ್ಲಿ ಗೆರೆಗಳೇ ಉಳಿದಿಲ್ಲ;
ರೇಷನ್ ಅಂಗಡಿಯ ಯಂತ್ರ
ಅವಳನ್ನು ಅವಳೆಂದು ಒಪ್ಪುವುದಿಲ್ಲ.

ನಾನು ಬಂದದ್ದು ಅಂಟಿಗಾಗಿ.
ಎಳೆಗೆ ಹುಳು ಬಳಿದ ಅಂಟು ಸಡಿಲಲು
ಕುದಿನೀರೇ ಬೇಕಿಲ್ಲ, ಎಪ್ಪತ್ತು ಸಾಕು,
ಜೊತೆಗೊಂದು ಕಿಣ್ವ ಬಿದ್ದರೆ.
ಕಿಣ್ವವೂ ಎಳೆಯೇ: ಇನ್ನೂರ ಎಪ್ಪತ್ತೈದು ಮಣಿಗಳ ಸರ,
ತನ್ನೊಳಗೆ ತಾನೇ ಮಡಚಿಕೊಂಡು ಉಂಡೆಯಾಗಿ ಕೂತದ್ದು.
ಐವತ್ತೆಂಟಕ್ಕೆ ಮಡಿಕೆ ಬಿಚ್ಚಿ
ಮೊಟ್ಟೆಯ ಲೋಳೆಯ ಹಾಗೆ ಬೆಳ್ಳಗೆ ಗಟ್ಟಿಯಾಗುತ್ತದೆ,
ಅಲ್ಲಿಗೆ ಮುಗಿಯಿತು.

ಯಾವ ಮಣಿ ತೆಗೆದು ಯಾವುದು ಪೋಣಿಸಿದರೆ
ಉಳಿದ ಹನ್ನೆರಡು ಡಿಗ್ರಿ ದಕ್ಕೀತು?
ಒಂದೊಂದು ಜಾಗಕ್ಕೆ ಹತ್ತೊಂಬತ್ತು ಬದಲಿ;
ಐದು ಸಾವಿರದ ಇನ್ನೂರ ಇಪ್ಪತ್ತೈದಕ್ಕೂ
ಕಂಪ್ಯೂಟರು ಒಂದೇ ರಾತ್ರಿ ಕೂತು ಜಾತಕ ಬರೆಯಿತು.
ಬಹುಪಾಲಿಗೆ ಅಲ್ಪಾಯುಸ್ಸು.
ನಂಬಿದೆ. ಹಾಲು ಹಾಳಾಗಲು,
ಬಳೆ ಬಲೆಯಾಗಲು ಒಂದಕ್ಷರ ಸಾಕಲ್ಲ.

ಹಸಿರು ಗೆರೆ ಬಿದ್ದ ಮೂರನ್ನು ಮಾಡಿಸಿದೆ.
ಮೂರೂ ಅರವತ್ತು ಮುಟ್ಟುವ ಮೊದಲೇ ಮೊಸರು.
ನಾಲ್ಕನೆಯದು ಆರ್ಡರ್ ಪಟ್ಟಿಯಲ್ಲಿ ನನ್ನ ಕೈತಪ್ಪು,
ನೂರ ಹದಿನೆಂಟರ ಬದಲು ನೂರ ಎಂಬತ್ತೊಂದು,
ಕೆಂಪಲ್ಲಿ ಹೊಡೆದು ಹಾಕಿದ್ದ ಜಾಗ.
ದುಡ್ಡು ಕೊಟ್ಟದ್ದನ್ನು ಚೆಲ್ಲಲಾರದೆ ಬಾಣಲೆಗೆ ಸುರಿದೆ.

ಗೂಡುಗಳ ಮೇಲೆ ಅವಳು ಕಡ್ಡಿಪೊರಕೆ ಆಡಿಸಿದಳು,
ಎಳೆಯ ತುದಿ ಸಿಕ್ಕಿತು, ರಾಟೆ ತಿರುಗಿತು.
ಕಾಲು ಗಂಟೆ. ಕಡಿಯಲಿಲ್ಲ.
ಬಾಗಿಲ ಬೆಳಕಿಗೆ ಹಿಡಿದು ಅಂದಳು:
"ಒಲ್ಲೆ ನೂಲು."

ಒಳ್ಳೆಯ, ಎಂದು.
ಮನೆಮಾತು ದಖನಿ, ಳ ಎಂಬುದು ನಾಲಗೆಗೆ ಹೊರಳದು.
ಅವಳ ಬೇಳೆ ಬೇಲೆ, ಹುಳು ಹುಲು, ಮಳೆ ಮಲೆ;
ಇಪ್ಪತ್ತು ವರ್ಷದಿಂದ ಗೂಡಿನ ಮಾರುಕಟ್ಟೆಯಲ್ಲಿ
ಒಬ್ಬರೂ ತಪ್ಪು ತಿಳಿದದ್ದಿಲ್ಲ.
ಹಿಂದಿನ ಮಾತು, ಮುಂದಿನ ಮಾತು, ಏರಿದ ಹುಬ್ಬು,
ಕೈಯಲ್ಲಿ ಹಿಡಿದ ಎಳೆಯ ಹೊಳಪು
ಎಲ್ಲ ಸೇರಿ ಆ ಅಕ್ಷರವನ್ನು ಬೀಳದ ಹಾಗೆ ಹಿಡಿದಿರುತ್ತವೆ.
ನಾನೊಬ್ಬಳೇ ಅರೆಗಳಿಗೆ ಬೆಚ್ಚಿದ್ದು,
ಬೇಡ ಅಂದಳೆಂದು.

ನೂರ ಎಂಬತ್ತೊಂದರ ಅಕ್ಕಪಕ್ಕ ಯಾರಿದ್ದಾರೆ
ನೋಡಬೇಕು ರಾತ್ರಿ, ಚಿಂತಾಮಣಿ ಬಸ್ಸು ಸಿಕ್ಕಿದರೆ.
ಎರಡನೇ ಬಾಣಲೆಗೆ ಇದೂ ಕೈಕೊಟ್ಟೀತು.
ಅವಳನ್ನೇ ಕೇಳಿದೆ, ಏನನ್ನಿಸುತ್ತೆ ಅಂತ.
ಗೂಡೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ
"ಬೇಯಲಿ, ನೋಡಾಣ" ಅಂದವಳು
ಇನ್ನೊಂದು ಸೌದೆಗೆ ಕೂಗಿದಳು.