ಎಂಬತ್ತು ಯೂರೋ ದುಭಾಷಿ

ಗೆಂಟ್ ಊರಿನ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯುತ್ತಿದ್ದೇನೆ.
ಸೆಸೊಥೊ ಬಲ್ಲವಳು ಈ ಸೀಮೆಗೆ ನಾನೊಬ್ಬಳೇ ಇರಬೇಕು,
ಒಂದು ಸಂಜೆಗೆ ಎಂಬತ್ತು ಯೂರೋ ಎಂದು ಕರೆಸಿ
ಕೊರಳಿಗೊಂದು ಬಿಲ್ಲೆ ಹಾಕಿ
ಕಬ್ಬಿಣದ ಬೇಲಿಯ ಈಚೆ ನಿಲ್ಲಿಸಿದರು.

ಎಂಟುನೂರು ಮೀಟರ್ ಮುಗಿಸಿ ಬಂದಳು
ಪುಸೆಲೆತ್ಸೊ, ಸೆಮೊಂಕೊಂಗ್ ಬೆಟ್ಟದವಳು.
ಮೂಗಿನ ತುದಿಯಲ್ಲಿ ಬೆವರೋ ಮಳೆಯೋ,
ಒಂದು ಬೂಟು ಕಾಲಲ್ಲಿ, ಒಂದು ಕೈಯಲ್ಲಿ.
ಬೇಲಿಯಾಚೆ ಹದಿನಾಲ್ಕು ಮೈಕು.

ಮೊದಲು ಕೇಳಿದವನು ಬೋಳುತಲೆಯವನು,
ಬೆಣ್ಣೆಯಿಂದ ಕೂದಲು ತೆಗೆದ ಹಾಗೆ:
ಹೆಂಗಸರ ಓಟಕ್ಕೆ ನೀವು ಅರ್ಹರೇ?
ಪರೀಕ್ಷೆ ಆಗಿದೆಯಂತಲ್ಲ, ಏನು ಬಂತು?

ನಾನು ಅವಳ ಕಡೆ ತಿರುಗಿ,
"ಟ್ರ್ಯಾಕು ಒದ್ದೆ ಇತ್ತಾ ಅಂತಾರೆ" ಎಂದೆ.
"ಹೂಂ ಔಸಿ, ಎರಡನೇ ತಿರುವಲ್ಲಿ ಜಾರಿತು."
ಬೇಲಿಯ ಕಡೆ ತಿರುಗಿ,
"ಆ ಬಗ್ಗೆ ಅವರು ಮಾತಾಡುವುದಿಲ್ಲ" ಎಂದೆ.

ಚಿಕ್ಕವಳಿದ್ದಾಗಲೇ ಗೊತ್ತಿತ್ತೇ, ಎಂದರು.
"ಬೆಳಿಗ್ಗೆ ಏನು ತಿಂದೆ ಅಂತಾರೆ" ಎಂದೆ.
"ಪಾಪ" ಅಂದಳು.
ನಮ್ಮಲ್ಲಿ ಅದು ಜೋಳದ ಮುದ್ದೆ,
ಸೊಪ್ಪಿನ ಜೊತೆ ತಿನ್ನುವುದು.

ಯಾರೋ ಒಬ್ಬ ನಡುವೆ "ಅವನು" ಎಂದುಬಿಟ್ಟ.
ಕೆಮ್ಮಿ "ಅವಳು" ಎಂದು ತಿದ್ದಿಕೊಂಡ.
ಇನ್ನೊಬ್ಬ ನಕ್ಕು, ನಗುವನ್ನು ಪುಸ್ತಕದೊಳಗೆ ಮುಚ್ಚಿದ.
ನಮ್ಮ ಮಾತಿನಲ್ಲಿ ಇಬ್ಬರಿಗೂ ಒಂದೇ ಅಕ್ಷರ, ಒ.
ಒಬ್ಬ, ಒಬ್ಬಳು ಎಂದು ಒಡೆಯುವುದಕ್ಕೆ
ಮುಂಚಿನ ಒ.
ಅದನ್ನು ಈ ಬೇಲಿ ದಾಟಿಸುವುದು ಹೇಗೆ,
ನನಗೆ ಯಾರೂ ಕಲಿಸಿಲ್ಲ.

ಅಷ್ಟರಲ್ಲಿ ನಾಲ್ಕನೆಯವಳು ಹಾದುಹೋದಳು,
ಇದೇ ಊರಿನ ಲೀಸ್ಬೆತ್,
ಕೋಚ್‌ನ ಕೋಟೊಳಗೆ ಮುಖ ಹುದುಗಿಸಿ.
ಅವಳ ಅಳುವೇನು ಸುಳ್ಳಲ್ಲ.
ಮೂರು ಚಳಿಗಾಲ, ಬೆಳಗಿನ ಬಸ್ಸಿನ ಕಿಟಕಿಯಿಂದ
ಕಾಲುವೆ ದಂಡೆಯ ಮಂಜಲ್ಲಿ
ಅವಳು ಓಡುವುದನ್ನು ನೋಡಿದ್ದೇನೆ.

ಮೈಕುಗಳೆಲ್ಲ ಅತ್ತ ವಾಲಿ, ಇತ್ತ ವಾಲಿದವು.
ಕೆಂಪು ಕನ್ನಡಕದವಳು ಕೇಳಿದಳು:
ಆ ಹುಡುಗಿಗೆ ನೀವೇನು ಹೇಳುತ್ತೀರಿ?

ನಾನು ಬಾಯಿ ತೆರೆದೆ.
ಒದ್ದೆ ಕೈಯೊಂದು ನನ್ನ ಮಣಿಕಟ್ಟು ಹಿಡಿಯಿತು.

"ಸಾಕು ಔಸಿ. ಎಷ್ಟು ಅಂತ ಮಳೆ ವಿಷಯ ಕೇಳ್ತಾರೆ ಇವರು?
ಸ್ಕೂಲಲ್ಲಿ ಇಂಗ್ಲಿಷ್ ಓದಿದೀನಿ, ಅರ್ಥ ಆಗುತ್ತೆ.
ಹೇಳೋಕೆ ಮಾತ್ರ ನನ್ನ ಮಾತು ಬೇಕು.
ಫೆಡರೇಶನ್ನಿನವರು ನನ್ನ ಪರವಾಗಿ ಕಾಗದ ಬರೆದರು.
ಸೋದರಮಾವ ನನ್ನ ಪರವಾಗಿ ರುಜು ಹಾಕಿದ.
ಈಗ ನೀನು ನನ್ನ ಪರವಾಗಿ ಸುಳ್ಳು ಹೇಳ್ತಿದೀಯ.
ಸರಿಯಾಗಿ ಕೇಳು."

ಕೇಳಿದೆ.
ಪಠ್ಯಪುಸ್ತಕದಲ್ಲಿ ಅದಕ್ಕೊಂದು ಉದ್ದದ ಹೆಸರಿದೆ,
ಪರೀಕ್ಷೆಯಲ್ಲಿ ನಾಲ್ಕು ಅಂಕಕ್ಕೆ ಬರೆದಿದ್ದೆ.
ನಾಲಗೆಗೆ ಬರಲಿಲ್ಲ.
"ನಿನ್ನ ಮೈ" ಅಂದೆ. "ನಿನ್ನ ಮೈ ಬಗ್ಗೆ ಕೇಳ್ತಿದಾರೆ."

ಅವಳು ಕೈಯಲ್ಲಿದ್ದ ಬೂಟು ಕೆಳಗಿಟ್ಟಳು.
"ನಮ್ಮೂರ ಉಣ್ಣೆ ಶೆಡ್ಡಿಗೆ ಮೇಕೆ ಬರುತ್ತೆ.
ಹಲ್ಲು ನೋಡ್ತಾರೆ, ಬಾಲ ಎತ್ತಿ ನೋಡ್ತಾರೆ,
ನೀಲಿ ಬಣ್ಣದ ಗುರುತು ಹಾಕ್ತಾರೆ.
ಆದರೂ ಮೊದಲು ಮೇಕೆಯವನನ್ನ ಕೇಳ್ತಾರೆ.
ಈ ಮೈ ನನ್ನದು, ನನ್ನನ್ನ ಯಾರೂ ಕೇಳಲಿಲ್ಲ.
ಏನು ಬಂತು ಅಂತ ನಿಮಗೆ ನಾನು ಹೇಳಲ್ಲ.
ಆ ಹುಡುಗಿಗೆ ಹೇಳೋದನ್ನ ಅವಳಿಗೇ ಹೇಳ್ತೀನಿ.
ಅವಳ ಹೆಸರೇನು?"

ಹೆಸರು ಹೇಳಿದೆ.
ಒಂದು ಬೂಟಿನಲ್ಲೇ ಕುಂಟುತ್ತಾ ಹೋದಳು,
ಲೀಸ್ಬೆತ್ ಹೋದ ಬಾಗಿಲ ಕಡೆ.
ಒಳಗೆ ಏನಾಯಿತೋ ನನಗೆ ತಿಳಿಯದು,
ಆ ಬಿಲ್ಲೆಗೆ ಆ ಬಾಗಿಲು ತೆರೆಯಲಿಲ್ಲ.

ನಾನು ಬೇಲಿಯವರಿಗೆ ಮೇಕೆಯಿಂದ ಹಿಡಿದು
ಒಂದಕ್ಷರ ಬಿಡದೆ ಒಪ್ಪಿಸಿದೆ.
ಬೋಳುತಲೆಯವನು ಗಡಿಯಾರ ನೋಡಿಕೊಂಡ.

ಮರುದಿನ ಪತ್ರಿಕೆಯಲ್ಲಿ ಅವಳ ಪಟ, ಬೂಟು ಕೈಯಲ್ಲಿ.
ಅಡಿಯಲ್ಲಿ, ಉದ್ಧರಣ ಚಿಹ್ನೆಯೊಳಗೆ
ಅವಳ ಮಾತೆಂದು ಅಚ್ಚಾಗಿತ್ತು:
"ಆ ಬಗ್ಗೆ ನಾನು ಮಾತಾಡುವುದಿಲ್ಲ."