ನಡುಗುವವರ ಕೂಟ

ತಪ್ಪು ನನ್ನದೇ. ಚೀಟಿ ಬರೆದವನು ನಾನು.
ಕ್ವೇಕರ್ ಅಂದರೆ ಕೌಲ್ ಬಜಾರಿನಲ್ಲಿ ಯಾರಿಗೆ ಗೊತ್ತು,
ಕನ್ನಡದಲ್ಲೇ ಹಾಕೋಣ ಅಂದೆ. ಎಸ್ತೇರಮ್ಮ ಬೇಡವೆನ್ನಲಿಲ್ಲ.
ನನ್ನದೇ ಜೆರಾಕ್ಸ್ ಅಂಗಡಿ, ಹಳದಿ ಕಾಗದ, ಇನ್ನೂರು ಪ್ರತಿ:
ನಡುಗುವವರ ಕೂಟ. ಭಾನುವಾರ ಬೆಳಿಗ್ಗೆ ಹತ್ತಕ್ಕೆ.
ಯಾರು ಬೇಕಾದರೂ ಬರಬಹುದು. ಶುಲ್ಕವಿಲ್ಲ.

ಎರಡು ಭಾನುವಾರ ಯಾರೂ ಬರಲಿಲ್ಲ.
ಸರಿಯಾಗಿ ಹೇಳಬೇಕೆಂದರೆ ಒಂದು ನಾಯಿ ಬಂತು,
ಆಮೇಲೆ ಬಾಡಿಗೆ ಕೇಳಲು ಮನೆಯೊಡೆಯ.
ಮೂವರು ನಾವು, ಏಳು ಕುರ್ಚಿ,
ಖಾಲಿ ನಾಲ್ಕರ ಕಡೆ ನೋಡದಂತೆ ಕೂತೆವು.
ಮಹಡಿಯ ಮೇಲೆ ಜೀನ್ಸ್ ಹೊಲಿಯುವ ಮಷೀನುಗಳಿಗೆ
ಭಾನುವಾರ ಗೊತ್ತಿಲ್ಲ.
ಅವುಗಳ ಕೆಳಗೆ ಮೌನವೆಂದರೆ
ಗಿರಣಿಯೊಳಗೆ ನಿಂತು
ಹಿಟ್ಟು ಮೆತ್ತದಂತೆ ಇರುವುದು.

ಮೂರನೆಯ ವಾರ ಹೊನ್ನೂರಸಾಬ್ ಬಂದರು.
ಬಾಗಿಲಲ್ಲಿ ಚಪ್ಪಲಿ ಬಿಟ್ಟು
ಬಲಗೈಯನ್ನು ಎಡಗೈಯಲ್ಲಿ ಹಿಡಿದು ನಿಂತರು.
ಹಿಡಿದದ್ದೂ ನಡುಗುತ್ತಿತ್ತು, ಹಿಡಿಸಿಕೊಂಡದ್ದೂ.
"ಇಲ್ಲೇ ಏನ್ರಿ, ನಡುಗೋರ್ನ ನೋಡೋದು?
ಡಾಕ್ಟ್ರು ಎಷ್ಟೊತ್ತಿಗೆ ಬರ್ತಾರೆ?"

ಮೂವತ್ತೊಂದು ವರ್ಷ ಕಟಿಂಗ್ ಮಾಸ್ಟರ್.
ಸೀಮೆಸುಣ್ಣದ ಗೆರೆ ಕೂದಲೆಳೆಯಷ್ಟೂ ತಪ್ಪದೆ
ನಲವತ್ತು ಪದರ ಬಟ್ಟೆ ಒಟ್ಟಿಗೆ ಕತ್ತರಿಸಿದ ಕೈ.
ನನ್ನ ಚೀಟಿ ನಾಲ್ಕು ಮಡಿಕೆಯಾಗಿ ಜೇಬಲ್ಲಿತ್ತು.
'ಶುಲ್ಕವಿಲ್ಲ' ಎಂಬುದರ ಕೆಳಗೆ
ಮೊಮ್ಮಗಳು ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದಳು.

ನಾನು ನನ್ನ ಕಾಲಬೆರಳು ನೋಡಿಕೊಂಡೆ.
ಗಾದಿಲಿಂಗ ಚರಿತ್ರೆ ಶುರುಮಾಡಿದ: ಮುನ್ನೂರು ಚಿಲ್ಲರೆ ವರ್ಷದ ಹಿಂದೆ,
ದೇವರ ಮಾತಿಗೆ ನಡುಗಿರೆಂದು ನ್ಯಾಯಾಧೀಶನಿಗೇ ಹೇಳಿದವನನ್ನು
ಗೇಲಿ ಮಾಡಿ ಕರೆದ ಹೆಸರು ಅದು, ಅದನ್ನೇ ನಾವು...
ಎಸ್ತೇರಮ್ಮ ಅವನ ಮೊಣಕಾಲು ತಟ್ಟಿದರು.
ಆಸ್ಪತ್ರೆಯ ವಾರ್ಡಿನಲ್ಲೇ ತಲೆ ನರೆತವರು,
ಸುಳ್ಳು ಸಮಾಧಾನ ಅವರಿಗೆ ಬಾರದು:
"ಡಾಕ್ಟರಿಲ್ಲ ಅಣ್ಣಾ. ಪಾದ್ರಿಯೂ ಇಲ್ಲ.
ಒಂದು ಗಂಟೆ ಸುಮ್ನೆ ಕೂಡ್ತೀವಿ.
ಯಾರಿಗಾದ್ರೂ ಒಳಗಿಂದ ಮಾತು ಬಂದ್ರೆ ಹೇಳ್ತಾರೆ.
ನರದ ಡಾಕ್ಟರು ಮಂಗಳವಾರ, ದೊಡ್ಡಾಸ್ಪತ್ರೆಲಿ.
ನಾನೇ ಕರ್ಕೊಂಡು ಹೋಗ್ತೀನಿ, ಅದು ಬ್ಯಾರೆ."

"ನಾನು ಜುಮ್ಮಾ ಬಿಟ್ಟವನಲ್ಲ."
"ಬಿಡಬ್ಯಾಡ್ರಿ."
"ಮತ್ತೆ ನನ್ನಿಂದ ಏನಾಗಬೇಕು?"
"ಏನೂ ಇಲ್ಲ."

ಏನೂ ಬೇಡ ಅಂದವರನ್ನು ಈ ಊರಲ್ಲಿ
ಅವರು ಎರಡು ಸಲ ಕಂಡಿದ್ದರಂತೆ,
ಎರಡನೇ ಸಲಕ್ಕೆ ಮನೆಯ ಜಾಗ ಹೋಗಿತ್ತಂತೆ.
ಆದರೂ ಹೊರಗೆ ಬಿಸಿಲು, ಒಳಗೆ ಫ್ಯಾನು. ಕೂತರು.

ಕುರ್ಚಿಯ ಕಬ್ಬಿಣದ ಕೈಗೆ ಅವರ ಉಂಗುರ
ಟಿಣ್ ಟಿಣ್ ಟಿಣ್.
ಯಾರೂ ತಡೆಯಲಿಲ್ಲ, ಅವರೇ ತಡೆಯಲು ನೋಡಿ ಸೋತರು.
ಕಣ್ಣು ಮುಚ್ಚಿದೆ. ಬೆಳಕಿಗೆ ಕಾಯಬೇಕಿತ್ತು,
ನನಗೆ ಬಂದದ್ದು ಟೋನರಿನ ಲೆಕ್ಕ.
ಟಿಣ್ ಟಿಣ್. ಮೇಲೆ ಗಡಗಡ.
ಯಾವಾಗಲೋ ಎರಡೂ ಒಂದೇ ಹೊಲಿಗೆಗೆ ಬಿದ್ದವು,
ಲೆಕ್ಕ ಎಲ್ಲಿಗೆ ಬಂದಿತ್ತೋ ಮರೆತೆ.

ಆಗ ಹೊನ್ನೂರಸಾಬ್ ಮಾತಾಡಿದರು, ಕಣ್ಣು ತೆರೆಯದೆ:
"ಮೇಲೆ ಮೂರನೇ ಮಷೀನು, ಬೆಲ್ಟು ಸಡ್ಲಾಗೈತೆ.
ಹುಡುಗನ ದಾರ ಈಗ ಹರೀತದೆ."

ಯಾರಾದರೂ ಮಾತಾಡಿದ ಮೇಲೆ
ಅದು ಇಳಿಯುವಷ್ಟು ಹೊತ್ತು ಸುಮ್ಮನಿರುವುದು ನಮ್ಮ ರೂಢಿ.
ಇದ್ದೆವು.
ಮೇಲೆ ಒಂದು ಮಷೀನು ನಿಂತಿತು,
ಯಾರೋ ಬೈದರು.
ಗಾದಿಲಿಂಗ ಕೂಡ ನಗಲಿಲ್ಲ.

ಗಂಟೆ ಮುಗಿದಾಗ ಪಕ್ಕದವರ ಕೈಕುಲುಕಬೇಕು.
ಅವರು ಚಾಚಲಿಲ್ಲ. ನಾನೇ ಹಿಡಿದೆ.
ನನ್ನ ಮೊಣಕೈವರೆಗೂ ಅದು ಬಂತು,
ಭುಜಕ್ಕೆ ಬಂತು,
ಬಿಡುವುದು ಯಾವಾಗ ಎಂದು ತಿಳಿಯಲಿಲ್ಲ.

ಚೀಟಿ ಇನ್ನೂ ನೂರಾ ನಲವತ್ತು ಉಳಿದಿವೆ.
ಪದ ತಿದ್ದಲೇ ಎಂದು ಕೇಳಿದೆ.
ಎಸ್ತೇರಮ್ಮ ಚಹಾ ಚೆಲ್ಲಿದ ನೆಲ ಒರೆಸುತ್ತಿದ್ದರು.
"ಮುಂದಿನ ವಾರ," ಅಂದರು,
"ಅವರ ಲೋಟ ಅರ್ಧವೇ ತುಂಬು."